ದ್ವೀಪಾಂತರ ಪ್ರಯಾಣ: ಗಂಟುಮೂಟೆಯೂ ದೇಹಾರೋಗ್ಯವೂ

ಮಲೆನಾಡಿನ ಸೋದರಿಯೊಬ್ಬರು ಬರೆದ ಕಾಗದವು ಮೂರು ವಾರಗಳಿಂದಲೂ ನನ್ನ ಮೇಜಿನ ಮೇಲಿದೆ. ಅವರ ಮಗಳೂ ಅಳಿಯಂದಿರೂ ಪೂರ್ವ ಆಫ್ರಿಕಾದ ನೈರೋಬಿ ನಗರದಲ್ಲಿ ಸಂಸಾರ ಹೂಡಿದ್ದಾರೆ. ಮಗಳಿಗೆ ಚೊಚ್ಚಲು ಬಸಿರು; ಬಾಣಂತನಕ್ಕೆ ತಾಯಿಯು ಹೋಗಲೇಬೇಕು. ಅರುವತ್ತಾರು ವರ್ಷದ ಯಜಮಾನರೂ ಜೊತೆಯಲ್ಲಿ ಹೊರಡತಕ್ಕವರು, ಅವರಿಗೆ ಮಧುಮೇಹವುಂಟು. “ಏನನ್ನು ಕಟ್ಟಿಕೊಳ್ಳಬೇಕು, ಏನನ್ನು ಬಿಡಬೇಕು, ಅಲ್ಲಿ ಯಾವ ರೋಗಕ್ಕೆ ಹೆದರಬೇಕು, ದಯವಿಟ್ಟು ತಿಳಿಸಿರಿ” ಎಂದು ಕೇಳಿ, ತಾವು ಒಯ್ಯಬೇಕೆಂದಿರುವ ವಸ್ತುಗಳ ಪಟ್ಟಿಯೊಂದನ್ನೂ ಲಗತ್ತಿಸಿದ್ದಾರೆ. ಕಾಗದವು ಒಂದೇ ಪುಟ. ಪಟ್ಟಿಯು ನಾಲ್ಕು ಪುಟ!

ಇಂತಹ ಪ್ರಶ್ನೆಗಳು ಈಚೆಗೆ ಈ ಅಂಕಣಕ್ಕೆ ಮೇಲಿಂದ ಮೇಲೆ ಬರುತ್ತಿರುವುದರಿಂದ, ಒಬ್ಬರಿಗೆ ಬರೆಯುವ ಉತ್ತರವು ಹಲವರಿಗೆ ಉಪಯೋಗವಾದೀತೆಂದು ಇಲ್ಲಿಯೇ ವಿಸ್ತರಿಸುತ್ತೇನೆ. ನಾನು ವೈದ್ಯನಲ್ಲ, ಮೂವತ್ತೈದು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಕಂಠಪಾಠ ಮಾಡಿಸಿದವನು. ಇಲ್ಲಿ ಹೇಳುವುದನ್ನು ತಮ್ಮ ತಮ್ಮ ವೈದ್ಯರ ಮುಂದಿಟ್ಟು, ಅವರ ಸಮ್ಮತಿಯನ್ನು ಪಡೆದು ನಡೆಯುವುದು ಯುಕ್ತ.

ಮೊದಲು ಪೆಟ್ಟಿಗೆಯ ವಿಚಾರ. ಛಂದಸ್ಸಿನಲ್ಲಿ ಎರಡು ಲಘುಗಳು ಸೇರಿದರೆ ಒಂದು ಗುರುವಿಗೆ ಸಮ. ಪೆಟ್ಟಿಗೆಯ ಛಂದಸ್ಸೂ ಇದೇ ಬಗೆಯದು. “ಇದೇನು ಮಹಾ ಭಾರ” ಎಂದು ತುರುಕಿದ ಹತ್ತು ಲಘುಗಳು ವಿಮಾನನಿಲ್ದಾಣದ ತಕ್ಕಡಿಯ ಮೇಲೆ ದೊಡ್ಡದೊಂದು ಗುರುವಾಗಿ ಕುಳಿತುಬಿಡುತ್ತವೆ. ಕೈಚೀಲಕ್ಕೆ ಸಾಮಾನ್ಯವಾಗಿ ಏಳು ಕಿಲೋಗ್ರಾಂ. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಗೆ ಇಪ್ಪತ್ತಮೂರು ಎಂದೋ ಮೂವತ್ತು ಎಂದೋ ಚೀಟಿಯಲ್ಲಿಯೇ ಅಚ್ಚಾಗಿರುತ್ತದೆ. ಇನ್ನು ಅಲ್ಲಿ ಮಕ್ಕಳು ವನ್ಯಮೃಗಗಳನ್ನು ತೋರಿಸಲು ಮಸಾಯಿ ಮಾರಾ ಪ್ರದೇಶಕ್ಕೆ ಸಣ್ಣ ವಿಮಾನದಲ್ಲಿ ಕರೆದೊಯ್ದರೆ, ಅದರಲ್ಲಿ ಕೈಚೀಲವೂ ಸೇರಿ ಒಬ್ಬರಿಗೆ ಹದಿನೈದು ಕಿಲೋಗ್ರಾಂ ಎಂಬುದೇ ವಾಡಿಕೆ; ಅದೂ ಗಡಸು ಪೆಟ್ಟಿಗೆ ಕೂಡದು, ಒತ್ತಿದರೆ ಬಗ್ಗುವ ಬಟ್ಟೆಯ ಚೀಲವೇ ಆಗಬೇಕು. ಆದುದರಿಂದ ಪೆಟ್ಟಿಗೆಯೊಳಗೆ ಮಡಿಸಿಟ್ಟ ಖಾಲಿ ಬಟ್ಟೆಚೀಲವೊಂದು ಇರಲಿ.

ಸೋದರಿಯವರ ಪಟ್ಟಿಯಲ್ಲಿ ಬಾಣಂತಿ ಲೇಹ, ಅಂಟಿನ ಉಂಡೆ, ಶುಂಠಿ, ಹಿಪ್ಪಲಿ, ಓಮ, ಬಜೆ, ಹರಳೆಣ್ಣೆ, ಎರಡು ಕಿಲೋಗ್ರಾಂ ತುಪ್ಪ, ಕೊಬ್ಬರಿ ಗಿಟುಕು, ಗಸಗಸೆ, ಕರ್ಪೂರ ಮುಂತಾದ ಸಂಬಾರವೆಲ್ಲವೂ ಇದೆ. ತಾಯಿಯ ಮನಸ್ಸನ್ನು ನಾನು ಅರಿಯಬಲ್ಲೆನು. ಆದರೆ ಈ ಪಟ್ಟಿಯಲ್ಲಿರುವ ಮೂರು ವಸ್ತುಗಳ ವಿಷಯದಲ್ಲಿ ಗಟ್ಟಿಯಾಗಿ ಹೇಳದಿದ್ದರೆ ಕರ್ತವ್ಯಲೋಪವಾದೀತು.

ಒಂದನೆಯದು ಕೊಬ್ಬರಿ. ಒಣಕೊಬ್ಬರಿಯು ಎಣ್ಣೆಯಿಂದ ತುಂಬಿದ ವಸ್ತು. ರಾಶಿಯಾಗಿ ಮುಚ್ಚಿಟ್ಟರೆ ತನ್ನಷ್ಟಕ್ಕೆ ತಾನೇ ಬಿಸಿಯಾಗುವ ಗುಣವುಳ್ಳದ್ದು. ಈ ಕಾರಣದಿಂದ ಅಂತರರಾಷ್ಟ್ರೀಯ ಸಾಗಣೆಯ ನಿಯಮಗಳಲ್ಲಿ ಅದು ಅಪಾಯಕರ ವಸ್ತುಗಳ ಪಟ್ಟಿಗೆ ಸೇರಿದೆ. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಗಿಟುಕನ್ನು ಪೆಟ್ಟಿಗೆಯಿಂದ ತೆಗೆಸಿ ಬದಿಗಿಡಿಸುತ್ತಾರೆ. ಮಡಿಲಕ್ಕಿಗೆ ಕೊಬ್ಬರಿ ಬೇಕೆನ್ನುವವರು ಆ ಶಾಸ್ತ್ರವನ್ನು ಇಲ್ಲಿಯೇ ಮುಗಿಸಿಕೊಂಡು ಹೊರಡುವುದು ಮೇಲು. ಎರಡನೆಯದಾದ ಕರ್ಪೂರದ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಕಿಪೆಟ್ಟಿಗೆಯ ಜೊತೆ ಅದೂ ಮನೆಯಲ್ಲಿಯೇ ಉಳಿಯತಕ್ಕದ್ದು.

ಮೂರನೆಯದಾದ ಗಸಗಸೆಯ ವಿಷಯವು ಇವೆರಡಕ್ಕಿಂತಲೂ ಗುರುತರವಾದುದು. ಗಸಗಸೆಯು ಅಫೀಮಿನ ಗಿಡದ ಬೀಜವೆಂಬುದು ಪಾಯಸ ಕುಡಿಯುವಾಗ ನಮಗೆ ನೆನಪಾಗುವುದಿಲ್ಲ. ದುಬೈ, ಅಬುಧಾಬಿಗಳ ಅಧಿಕಾರಿಗಳಿಗೆ ಮಾತ್ರ ಸದಾ ನೆನಪಿರುತ್ತದೆ. ಆ ರಾಜ್ಯಗಳಲ್ಲಿ ಗಸಗಸೆಯು ನಿಷಿದ್ಧವಸ್ತು. ಅದನ್ನು ಒಯ್ದು ಕಾರಾಗೃಹವನ್ನು ಕಂಡ ಭಾರತೀಯರುಂಟು. ಸಿಂಗಪುರದಲ್ಲಿಯೂ ಇದಕ್ಕೆ ನಿಷೇಧವಿದೆ. ನೈರೋಬಿಗೆ ಹೋಗುವವರಿಗೆ ದುಬೈಯ ಮಾತೇಕೆಂದರೆ, ಬೆಂಗಳೂರಿನಿಂದ ಹೊರಡುವವರಲ್ಲಿ ಅನೇಕರು ಆ ಕೊಲ್ಲಿಯ ಪಟ್ಟಣಗಳಲ್ಲಿಯೇ ವಿಮಾನವನ್ನು ಬದಲಾಯಿಸುತ್ತಾರೆ. ಆದುದರಿಂದ ಗಸಗಸೆಯು ಒಂದು ಚಿಟಿಕೆಯಷ್ಟೂ ಕೂಡದು. ಮಸಾಲೆಪುಡಿಯಲ್ಲಿ ಬೆರೆಸಿದ್ದೂ ಕೂಡದು. ಇದೇ ನ್ಯಾಯವು ಕೆಲವು ಔಷಧಗಳಿಗೂ ಸಲ್ಲುತ್ತದೆ. ಕೋಡೀನ್ ಬೆರೆತ ಕೆಮ್ಮಿನ ಔಷಧ, ಟ್ರಮಡಾಲ್ ಎಂಬ ನೋವಿನ ಮಾತ್ರೆ, ಇವು ನಮ್ಮಲ್ಲಿ ವೈದ್ಯರ ಚೀಟಿಯಿಂದ ದೊರೆಯುವಂಥವು. ಅಲ್ಲಿ ಮೊದಲೇ ಅನುಮತಿಯನ್ನು ಪಡೆಯದೆ ಒಯ್ದರೆ ಅಪರಾಧವೆನಿಸುತ್ತವೆ.

ಉಳಿದ ಸಾಮಗ್ರಿಯ ಬಗ್ಗೆ ನನ್ನ ಅಭಿಪ್ರಾಯವಿಷ್ಟೆ. ನೈರೋಬಿಯು ನಮ್ಮವರಿಗೆ ಹೊಸ ಊರಲ್ಲ. 1896ರಿಂದ 1901ರವರೆಗೆ ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಹಾದಿಯನ್ನು ಹಾಕುವುದಕ್ಕೆ ಸುಮಾರು 32,000 ಮಂದಿ ಭಾರತೀಯ ಕೂಲಿಕಾರರನ್ನು ಒಯ್ದಿದ್ದರು. ನೈರೋಬಿ ಪಟ್ಟಣವು ಹುಟ್ಟಿದ್ದೇ ಆ ಹಾದಿಯ ಒಂದು ತಂಗುದಾಣವಾಗಿ. ಅವರ ಹಿಂದೆಯೇ ಗುಜರಾತಿ ವರ್ತಕರು ನೆಲೆಯೂರಿದರು. ಸ್ವಾಹಿಲಿ ಭಾಷೆಯಲ್ಲಿ ಅಂಗಡಿಗೆ ‘ದುಕಾ’ ಎಂದೂ ಚಪಾತಿಗೆ ‘ಚಪಾತಿ’ ಎಂದೇ ಹೆಸರೆಂದೂ ಹೇಳಿದರೆ ಸಾಕಷ್ಟೆ. ಅಲ್ಲಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಅಂಗಡಿಗಳಲ್ಲಿ ತೊಗರಿಬೇಳೆ, ಇಂಗು, ಓಮ, ಶುಂಠಿ, ಬೆಲ್ಲ, ತುಪ್ಪ ಎಲ್ಲವೂ ದೊರೆಯುತ್ತವೆ. ಎರಡು ಕಿಲೋಗ್ರಾಂ ತುಪ್ಪವನ್ನು ಸಮುದ್ರವನ್ನು ದಾಟಿಸುವುದು ಶ್ರಮವೇ ಹೊರತು ವಾತ್ಸಲ್ಯವಲ್ಲ. ಅಲ್ಲಿ ದೊರೆಯದಿರುವುದು ತಾಯಿಯು ಸ್ವಹಸ್ತದಿಂದ ಮಾಡಿದ ಲೇಹವೂ ಅಂಟಿನ ಉಂಡೆಯೂ. ಅವನ್ನು ಮಿತವಾಗಿ ಒಯ್ಯಿರಿ. ಲೇಹವೂ ಉಪ್ಪಿನಕಾಯಿಯೂ ದೊಡ್ಡ ಪೆಟ್ಟಿಗೆಯಲ್ಲಿರಲಿ; ಕೈಚೀಲದಲ್ಲಿ ನೂರು ಮಿಲಿಲೀಟರಿಗೆ ಮೀರಿದ ಯಾವ ದ್ರವವನ್ನೂ ಬಿಡುವುದಿಲ್ಲ, ಉಪ್ಪಿನಕಾಯಿಯನ್ನೂ ಅವರು ದ್ರವದ ಲೆಕ್ಕಕ್ಕೇ ಸೇರಿಸುತ್ತಾರೆ. ಪುಡಿಗಳ ಮೇಲೆ ಅದೇನೆಂಬುದನ್ನು ಇಂಗ್ಲಿಷಿನಲ್ಲಿ ಬರೆದು ಅಂಟಿಸಿರಿ. ಹೆಸರಿಲ್ಲದ ಬೂದುಬಣ್ಣದ ಪುಡಿಯನ್ನು ಕಂಡು ಯಾವ ಅಧಿಕಾರಿಯೂ “ಇದು ಬಜೆಯಿರಬೇಕು” ಎಂದು ಊಹಿಸಲಾರನು. ಬಿತ್ತನೆಯ ಬೀಜ, ಹಸಿಹಣ್ಣು, ತುಳಸಿಯ ಸಸಿ, ಮಣ್ಣು ಇವು ಸರ್ವಥಾ ಬೇಡ.

ಇನ್ನೊಂದು ಮುಖ್ಯ ಸಂಗತಿ. ಪ್ರತಿಯೊಂದು ಪೊಟ್ಟಣವನ್ನೂ ಎರಡೆರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತುವುದು ನಮ್ಮ ಗೃಹಿಣಿಯರ ಅಭ್ಯಾಸ. ಕೆನ್ಯಾ ದೇಶವು 2017ನೆಯ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. ಉಲ್ಲಂಘಿಸಿದವರಿಗೆ ದೊಡ್ಡ ಮೊತ್ತದ ದಂಡವನ್ನೂ ಸೆರೆವಾಸವನ್ನೂ ವಿಧಿಸಬಲ್ಲ ಕಾನೂನು ಅದು. ನೆರೆಯ ಟಾಂಜಾನಿಯಾವು 2019ನೆಯ ಜೂನ್ ಒಂದರಿಂದ ಅದೇ ದಾರಿಯನ್ನು ಹಿಡಿಯಿತು. ನಮ್ಮ ರಾಜ್ಯವೂ 2016ರಲ್ಲಿಯೇ ಇಂತಹ ನಿಷೇಧವನ್ನು ಹೊರಡಿಸಿತ್ತು; ಸಂತೆಗೆ ಹೋದವರಿಗೆ ಅದರ ಸುಳಿವು ಸಿಕ್ಕುವುದು ಕಷ್ಟ. ಅಲ್ಲಿಯವರು ಹಾಗಲ್ಲ. ಆದುದರಿಂದ ಹಳೆಯ ಧೋತ್ರವನ್ನು ಹರಿದು ಹೊಲಿದ ಚೀಲಗಳೂ, ಬಿಗಿಯಾದ ಮುಚ್ಚಳದ ಹಗುರ ಡಬ್ಬಿಗಳೂ ಇರಲಿ.

ಬಟ್ಟೆಯ ವಿಷಯದಲ್ಲಿ, ಆಫ್ರಿಕಾ ಎಂದೊಡನೆ ಸುಡುವ ಮರುಭೂಮಿಯನ್ನು ಕಲ್ಪಿಸಿಕೊಂಡು ಹೊರಟವರು ನೈರೋಬಿಯಲ್ಲಿ ನಡುಗುತ್ತಾರೆ. ಆ ನಗರವು ಭೂಮಧ್ಯರೇಖೆಗೆ ಅಂಟಿಕೊಂಡಂತಿದ್ದರೂ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಎತ್ತರಕ್ಕೆ ಹೆಚ್ಚು ಕಡಮೆ ಇಮ್ಮಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಚಳಿಗಾಲ. ಒಂದು ಉಣ್ಣೆಯ ಅಂಗಿ, ಒಂದು ಶಾಲು, ಕಾಲುಚೀಲ ಬೇಕೇ ಬೇಕು. ಉಳಿದಂತೆ ದಿನಕ್ಕೊಂದರಂತೆ ಸೀರೆಗಳನ್ನು ಎಣಿಸುವುದು ಅನಾವಶ್ಯಕ. ಮಗಳ ಮನೆಯಲ್ಲಿ ಒಗೆಯುವ ಯಂತ್ರವಿರುತ್ತದೆ, ಬಾಣಂತಿಯ ಮನೆಯಲ್ಲಿ ರೇಷ್ಮೆಸೀರೆಗೆ ಅವಕಾಶವಿರುವುದಿಲ್ಲ. ಆರು ಜೊತೆ ಉಡುಪು ಧಾರಾಳವಾಯಿತು. ಕಾಡಿನ ಕಡೆಗೆ ಹೋಗುವುದಾದರೆ ಕಡುನೀಲಿ, ಕಪ್ಪು ಬಣ್ಣಗಳನ್ನು ಬಿಡಿರಿ. ನಿದ್ರಾರೋಗವನ್ನು ಹರಡುವ ತ್ಸೆತ್ಸೆ ಎಂಬ ನೊಣವು ಆ ಬಣ್ಣಗಳಿಗೇ ಮುತ್ತುತ್ತದೆ. ಮಾಸಲು ಕಂದುಬಣ್ಣ ಉತ್ತಮ.

ಈಗ ರೋಗಗಳ ವಿಚಾರಕ್ಕೆ ಬರೋಣ. ಚರಕಸಂಹಿತೆಯಲ್ಲಿ ವಿಮಾನಸ್ಥಾನವೆಂಬ ಭಾಗವೊಂದುಂಟು. ನನ್ನ ವಿದ್ಯಾರ್ಥಿಯೊಬ್ಬನು ಅದನ್ನು ವಿಮಾನನಿಲ್ದಾಣವೆಂದು ಅನುವಾದಿಸಿ ತರಗತಿಯನ್ನೆಲ್ಲ ನಗಿಸಿದ್ದನು. ಅಲ್ಲಿ ವಿಮಾನವೆಂದರೆ ವಿಶೇಷವಾದ ಮಾನ, ಅಳತೆ. ಆ ಭಾಗದ ಮೂರನೆಯ ಅಧ್ಯಾಯವು ಜನಪದಗಳನ್ನೇ ಹಾಳುಮಾಡುವ ವ್ಯಾಧಿಗಳನ್ನು ಕುರಿತದ್ದು. ಬೇರೆ ಬೇರೆ ಪ್ರಕೃತಿಯ, ಆಹಾರದ, ವಯಸ್ಸಿನ ಜನರಿಗೆ ಏಕಕಾಲದಲ್ಲಿ ಒಂದೇ ರೋಗವು ಹೇಗೆ ಬರುತ್ತದೆಂಬ ಪ್ರಶ್ನೆಗೆ ವಾಯು, ಉದಕ, ದೇಶ, ಕಾಲ ಎಂಬ ನಾಲ್ಕನ್ನು ಅಲ್ಲಿ ಕಾರಣವಾಗಿ ಹೇಳಿದೆ. ಪ್ರಯಾಣಿಕನಾದವನು ಈ ನಾಲ್ಕನ್ನೂ ಒಂದೇ ದಿನದಲ್ಲಿ ಬದಲಾಯಿಸುವವನು. ಹಿಂದೆ ಮುಂಬಯಿಯಿಂದ ಮೊಂಬಾಸಾಕ್ಕೆ ಹಡಗಿನಲ್ಲಿ ವಾರಕ್ಕೂ ಮೀರಿದ ಪ್ರಯಾಣವಿತ್ತು. ಜಾಡ್ಯವು ಒಳಹೊಕ್ಕಿದ್ದರೆ ಅನೇಕ ವೇಳೆ ನಡುಸಮುದ್ರದಲ್ಲಿಯೇ ತಲೆಯೆತ್ತುತ್ತಿತ್ತು. ಈಗ ಮುಂಬಯಿಯಿಂದ ಸುಮಾರು ಆರು ಗಂಟೆಗಳ ಹಾದಿ. ರೋಗಬೀಜವನ್ನು ಹೊತ್ತವನೂ ಮಂದಹಾಸದೊಡನೆ ಇಳಿದು ಮನೆಗೆ ಹೋಗಬಲ್ಲನು.

ಹಳದಿಜ್ವರದ ಚುಚ್ಚುಮದ್ದಿನ ನಿಯಮವು ಹುಟ್ಟಿದ್ದು ಈ ಭಯದಿಂದಲೇ. ಆ ಜ್ವರವನ್ನು ಹರಡುವುದು ಈಡಿಸ್ ಎಂಬ, ಹಗಲಿನಲ್ಲಿ ಕಚ್ಚುವ ಸೊಳ್ಳೆ. ನಮ್ಮ ಹಿತ್ತಿಲಿನ ತೆಂಗಿನ ಚಿಪ್ಪುಗಳಲ್ಲಿ ಹುಟ್ಟಿ ಡೆಂಗೀ, ಚಿಕುನ್‌ಗುನ್ಯಾ ಜ್ವರಗಳನ್ನು ತರುವುದೂ ಅದೇ. ಚಿಕುನ್‌ಗುನ್ಯಾ ಎಂಬ ಹೆಸರೂ ಪೂರ್ವ ಆಫ್ರಿಕಾದಿಂದ ಬಂದದ್ದೆಂಬುದನ್ನು ಬಲ್ಲವರು ಕಡಮೆ. 1952ರಲ್ಲಿ ಇಂದಿನ ಟಾಂಜಾನಿಯಾದ ದಕ್ಷಿಣಭಾಗದಲ್ಲಿ ಆ ಜ್ವರವನ್ನು ಮೊದಲು ಗುರುತಿಸಿದರು. ಮಕೊಂಡೆ ಜನರ ಮಾತಿನಲ್ಲಿ ಆ ಪದಕ್ಕೆ ಮೈ ಮುರುಟಿ ಬಗ್ಗುವುದೆಂದು ಅರ್ಥ. 2006ರಲ್ಲಿ ನಮ್ಮ ರಾಜ್ಯದ ಊರೂರುಗಳಲ್ಲಿ ಗೋಡೆ ಹಿಡಿದು ನಡೆದವರಿಗೆ ಈ ಅರ್ಥವನ್ನು ವಿವರಿಸಬೇಕಾಗಿಲ್ಲ. ಹೀಗೆ ಸೊಳ್ಳೆ ನಮ್ಮಲ್ಲಿದೆ, ಆದರೆ ಹಳದಿಜ್ವರವು ಮಾತ್ರ ಭರತಖಂಡದಲ್ಲಿ ಇದುವರೆಗೆ ಕಾಲಿಟ್ಟಿಲ್ಲ. ಕಾಲಿಟ್ಟರೆ ತಡೆಯುವ ಶಕ್ತಿ ನಮ್ಮ ಯಾರ ರಕ್ತದಲ್ಲಿಯೂ ಇಲ್ಲ. ಈ ಕಾರಣದಿಂದ ಕೆನ್ಯಾ ಮೊದಲಾದ ದೇಶಗಳಿಂದ ಹಿಂದಿರುಗುವವರು ಚುಚ್ಚುಮದ್ದಿನ ಪ್ರಮಾಣಪತ್ರವನ್ನು ತೋರಿಸದಿದ್ದರೆ, ನಮ್ಮ ಸರ್ಕಾರವು ಅವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತದೆ. ಆರೇ ದಿನವೇಕೆಂದರೆ, ಸೊಳ್ಳೆ ಕಚ್ಚಿದ ಮೇಲೆ ಜ್ವರವು ಕಾಣಿಸಿಕೊಳ್ಳಲು ಮೂರರಿಂದ ಆರು ದಿನ ಹಿಡಿಯುತ್ತದೆ.

ಈ ಮದ್ದನ್ನು ಕಂಡುಹಿಡಿದವನು ಮ್ಯಾಕ್ಸ್ ಥೈಲರ್; 1937ರಲ್ಲಿ ಸಿದ್ಧವಾದ ಅವನ ಲಸಿಕೆಯೇ ಇಂದಿಗೂ ನಡೆಯುತ್ತಿದೆ. ಅದಕ್ಕಾಗಿ 1951ರಲ್ಲಿ ನೊಬೆಲ್ ಬಹುಮಾನವು ಬಂದಿತು. ಸರ್ಕಾರವು ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕುತ್ತಾರೆ; ಗೊತ್ತಾದ ದಿನಗಳಲ್ಲಿ, ಮೊದಲೇ ಹೆಸರು ಕೊಟ್ಟವರಿಗೆ. ಪಾಸ್‌ಪೋರ್ಟನ್ನು ಒಯ್ಯಬೇಕು. ಹಾಕಿಸಿಕೊಂಡ ಹತ್ತು ದಿನಗಳ ತರುವಾಯವೇ ಪ್ರಮಾಣಪತ್ರವು ಊರ್ಜಿತವಾಗುತ್ತದೆ. 2016ನೆಯ ಜುಲೈ 11ರಿಂದ ಅದು ಆಜೀವಪರ್ಯಂತ ಸಲ್ಲತಕ್ಕದ್ದು. ಹಿಂದಿನಂತೆ ಹತ್ತು ವರ್ಷಕ್ಕೊಮ್ಮೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗಿಲ್ಲ. ಹೊರಡುವ ದಿನಕ್ಕೆ ಒಳ್ಳೆಯ ಮುಹೂರ್ತವಿಲ್ಲವೆಂದು ಪ್ರಸ್ಥಾನವಿಡುವ ಪದ್ಧತಿ ನಮ್ಮಲ್ಲಿದೆಯಷ್ಟೆ. ಹೊರಡುವುದಕ್ಕೆ ಆರು ವಾರ ಮೊದಲು ವೈದ್ಯರ ಬಾಗಿಲಿಗೆ ಹೋಗುವುದನ್ನೇ ಪ್ರಸ್ಥಾನವೆಂದು ಭಾವಿಸಿರಿ.

ಆದರೆ ಸೋದರಿಯವರ ಯಜಮಾನರ ವಿಷಯದಲ್ಲಿ ನಿಂತು ಯೋಚಿಸಬೇಕಾಗಿದೆ. ಇದು ಜೀವವಿರುವ ರೋಗಾಣುವನ್ನು ದುರ್ಬಲಗೊಳಿಸಿ ಕೊಡುವ ಮದ್ದು. ಬಹುಮಂದಿಗೆ ಒಂದೆರಡು ದಿನದ ಮೈಕೈನೋವಲ್ಲದೆ ಬೇರೇನೂ ಆಗುವುದಿಲ್ಲ. ಆದರೆ ಅರುವತ್ತು ದಾಟಿದವರು ಮೊದಲನೆಯ ಸಲ ಹಾಕಿಸಿಕೊಂಡಾಗ, ಯಕೃತ್ತು ಮುಂತಾದ ಅಂಗಗಳನ್ನೋ ಮೆದುಳನ್ನೋ ಕೆಡಿಸುವ ವಿಷಮಪರಿಣಾಮವು ಕಿರಿಯರಿಗಿಂತ ಹೆಚ್ಚಾಗಿ ಕಂಡುಬಂದಿದೆ. ಹೆಚ್ಚೆಂದರೂ ಅದು ಲಕ್ಷಕ್ಕೆ ಕೆಲವೇ ಮಂದಿಯ ಮಾತು. ಆದರೂ ಇಲ್ಲವೆಂದು ಹೇಳುವಂತಿಲ್ಲ. ಮಧುಮೇಹವೊಂದೇ ಇದ್ದರೆ ಅದು ಅಡ್ಡಿಯಲ್ಲ. ಸ್ಟಿರಾಯಿಡ್ ಮಾತ್ರೆಗಳನ್ನು ಹೆಚ್ಚು ಪ್ರಮಾಣದಲ್ಲಿ ನುಂಗುತ್ತಿರುವವರು, ಅರ್ಬುದರೋಗದ ಚಿಕಿತ್ಸೆಯಲ್ಲಿರುವವರು, ಥೈಮಸ್ ಗ್ರಂಥಿಯ ತೊಂದರೆಯಿದ್ದವರು, ಕೋಳಿಮೊಟ್ಟೆಯು ತೀವ್ರವಾಗಿ ಒಗ್ಗದವರು, ಇವರು ವೈದ್ಯರಿಗೆ ಅದನ್ನು ಮರೆಮಾಚದೆ ಹೇಳತಕ್ಕದ್ದು.

ಇಲ್ಲಿ ಒಂದು ವಿಚಿತ್ರವುಂಟು. ನೈರೋಬಿ ನಗರವನ್ನು ಬಿಟ್ಟು ಕದಲದವನಿಗೆ ಹಳದಿಜ್ವರದ ಭಯವು ಅತ್ಯಲ್ಪವೆಂದೇ ತಜ್ಞರ ಅಭಿಪ್ರಾಯ. ಹಾಗಿರುವಾಗ ಯಜಮಾನರು ಮದ್ದನ್ನು ಹಾಕಿಸಿಕೊಳ್ಳುವುದು ರೋಗಭಯದಿಂದಲ್ಲ, ರಾಜಶಾಸನದಿಂದ. ವೈದ್ಯರು ಪರೀಕ್ಷಿಸಿ ಬೇಡವೆಂದರೆ ವಿನಾಯಿತಿಯ ಪತ್ರವನ್ನು ಬರೆದುಕೊಡುತ್ತಾರೆ; ಹಿಂದಿರುಗುವಾಗ ಆ ಪತ್ರವು ಎಷ್ಟರಮಟ್ಟಿಗೆ ನಡೆಯುತ್ತದೆಂಬುದನ್ನು ವಿಮಾನನಿಲ್ದಾಣದ ಆರೋಗ್ಯಾಧಿಕಾರಿಗಳಲ್ಲಿ ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ನನ್ನನ್ನು ಕೇಳಿದರೆ, ದೇಹಸ್ಥಿತಿಯು ಸಂಶಯಾಸ್ಪದವಾಗಿದ್ದಲ್ಲಿ ಆರು ದಿನದ ಪ್ರತ್ಯೇಕವಾಸಕ್ಕೆ ಸಿದ್ಧವಾಗಿ ಹೋಗಬಹುದು, ಇಲ್ಲವೇ ಯಜಮಾನರು ಮನೆಯಲ್ಲಿಯೇ ಉಳಿಯಬಹುದು. “ಇವರೊಬ್ಬರೇ ಇದ್ದರೆ ಅನ್ನಕ್ಕೆ ಗತಿಯೇನು” ಎಂದು ಸೋದರಿಯವರು ಕಾಗದದ ಅಂಚಿನಲ್ಲಿ ಬರೆದಿದ್ದಾರೆ. ಅರುವತ್ತಾರು ವರ್ಷಕ್ಕೆ ಅನ್ನ ಸಾರು ಮಾಡುವುದನ್ನು ಕಲಿತ ಗಂಡಸರನ್ನು ನಾನು ಬಲ್ಲೆ. ಅದು ಹಳದಿಜ್ವರದಷ್ಟು ಅಪಾಯಕರವಲ್ಲ.

ಮದ್ದುಗಳ ಮಾತು ಬಂದುದರಿಂದ ಇನ್ನೊಂದನ್ನು ಮರೆಯಬಾರದು. ನಾವು ಆ ದೇಶದಿಂದ ತರುವ ರೋಗಕ್ಕೆ ಹೆದರುತ್ತೇವೆ. ನಾವು ಕೂಸಿಗೆ ಒಯ್ಯುವ ರೋಗವನ್ನು ಯೋಚಿಸುವುದಿಲ್ಲ. ದೊಡ್ಡವರಲ್ಲಿ ಬರಿಯ ಕೆಮ್ಮಾಗಿ ಕಾಣುವ ನಾಯಿಕೆಮ್ಮು ಹಸುಗೂಸಿನ ಉಸಿರನ್ನೇ ಕಟ್ಟಿಸಬಲ್ಲದು. ಅಜ್ಜ ಅಜ್ಜಿಯರು ಕೂಸನ್ನು ಎತ್ತಿಕೊಳ್ಳುವುದಕ್ಕೆ ಎರಡು ವಾರ ಮೊದಲಾದರೂ ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರಕ್ಕೂ ಸೇರಿದ ಚುಚ್ಚುಮದ್ದನ್ನು ಹಾಕಿಸಿಕೊಳ್ಳುವುದು ಶ್ರೇಯಸ್ಕರ. ಇನ್‌ಫ್ಲುಯೆಂಜಾ, ಟೈಫಾಯಿಡ್‌ಗಳ ಮದ್ದನ್ನೂ ಅದೇ ಭೇಟಿಯಲ್ಲಿ ವಿಚಾರಿಸಿರಿ. ಒಂಬತ್ತು ತಿಂಗಳು ತುಂಬದ ಕೂಸಿಗೆ ಹಳದಿಜ್ವರದ ಮದ್ದನ್ನು ಹಾಕುವುದಿಲ್ಲ. ಮಗಳೂ ಮೊಮ್ಮಗುವೂ ಜೊತೆಯಲ್ಲಿ ಹಿಂದಿರುಗುವುದಾದರೆ ಅದರ ನಿಯಮವನ್ನೂ ಮೊದಲೇ ತಿಳಿದಿರಬೇಕು.

ಸ್ವಾಹಿಲಿಯಲ್ಲಿ ಜ್ವರಕ್ಕೆ ‘ಹೋಮ’ವೆಂದು ಹೆಸರು. ಸಂಸ್ಕೃತದ ಹೋಮಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಆದರೆ ಮಲೇರಿಯಾ ಹಿಡಿದವನ ಮೈಯನ್ನು ಮುಟ್ಟಿ ನೋಡಿದವರಿಗೆ ಆ ಹೆಸರು ಸಾರ್ಥಕವೆನಿಸದಿರದು. ರೈಲುಹಾದಿಯನ್ನು ಹಾಕಿದ ನಮ್ಮ ಕೂಲಿಕಾರರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಮಣ್ಣಾದರು. 1898ರಲ್ಲಿ ತ್ಸಾವೋ ನದಿಯ ಬಳಿ ನರಭಕ್ಷಕ ಸಿಂಹಗಳೆರಡು ಅವರಲ್ಲಿ ಕೆಲವರನ್ನು ಎಳೆದೊಯ್ದ ಕಥೆಯು ಜಗತ್ಪ್ರಸಿದ್ಧವಾಯಿತು. ಜ್ವರಾತಿಸಾರಗಳು ಒಯ್ದ ಬಹುಸಂಖ್ಯೆಯವರ ಕಥೆಯನ್ನು ಬರೆಯುವವರಿರಲಿಲ್ಲ. ಇಂದಿಗೂ ಪ್ರಯಾಣಿಕನು ಹೆದರಬೇಕಾದುದು ಸಿಂಹಕ್ಕಲ್ಲ.

“ಮಲೇರಿಯಾ ನಮಗೇನು ಹೊಸದೇ?” ಎಂದು ನಮ್ಮವರು ಕೇಳುವುದುಂಟು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಕ್ರಿಮಿಯನ್ನು ರೊನಾಲ್ಡ್ ರಾಸ್ ಮೊದಲು ಕಂಡದ್ದು 1897ರಲ್ಲಿ, ನಮ್ಮ ಸಿಕಂದರಾಬಾದಿನಲ್ಲಿಯೇ. ಆದರೆ ನಮ್ಮ ಹಳ್ಳಿಗಳ ಹಿರಿಯರು ಕಂಡಿದ್ದ ಚಳಿಜ್ವರದಲ್ಲಿ ಬಹುಪಾಲು ವೈವಾಕ್ಸ್ ಜಾತಿಯದು. ಹಣ್ಣುಮಾಡುತ್ತಿತ್ತು, ಕೊಲ್ಲುತ್ತಿದ್ದುದು ಅಪರೂಪ. ಪೂರ್ವ ಆಫ್ರಿಕಾದ್ದು ಪ್ರಾಯಶಃ ಎಲ್ಲವೂ ಫಾಲ್ಸಿಪೇರಂ ಎಂಬ ಘಾತುಕಜಾತಿ. ಹಳೆಯ ಕ್ಲೋರೋಕ್ವಿನ್ ಮಾತ್ರೆಯು ಅದರ ಮುಂದೆ ನಿಲ್ಲದು. ನೈರೋಬಿಯು ಎತ್ತರದಲ್ಲಿರುವುದರಿಂದ ಅಲ್ಲಿ ಅಪಾಯವು ಕಡಮೆ. ಬಾಣಂತನಕ್ಕೆಂದು ಊರಿನಲ್ಲಿಯೇ ಇರುವವರಿಗೆ ಮೂರು ತಿಂಗಳೂ ಮಾತ್ರೆ ಬೇಕಾಗಲಾರದು. ಮೊಂಬಾಸಾದ ಕಡಲತೀರಕ್ಕೋ ವಿಕ್ಟೋರಿಯಾ ಸರೋವರದ ಕಡೆಗೋ ಹೋಗುವುದಾದರೆ ಬೇಕು. ಅಟೊವಕ್ವೋನ್-ಪ್ರೊಗ್ವಾನಿಲ್ ಎಂಬುದನ್ನು ಹೊರಡುವ ಒಂದೆರಡು ದಿನ ಮೊದಲು ತೊಡಗಿ, ಬಂದ ಮೇಲೆ ಏಳು ದಿನ ನಿತ್ಯವೂ ತೆಗೆದುಕೊಳ್ಳುತ್ತಾರೆ. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೆ ನಾಲ್ಕು ವಾರ. ಯಾರಿಗೆ ಯಾವುದೆಂಬುದು ವೈದ್ಯರ ಕೆಲಸ. ಮನೆಗೆ ಬಂದೊಡನೆ “ಇನ್ನೇನು, ಬಂದಾಯಿತಲ್ಲ” ಎಂದು ಮಾತ್ರೆಯನ್ನು ನಿಲ್ಲಿಸುವವರೇ ಹೆಚ್ಚು. ಕ್ರಿಮಿಯು ಯಕೃತ್ತಿನಲ್ಲಿ ಅಡಗಿದ್ದು ಆಮೇಲೆ ರಕ್ತಕ್ಕೆ ಇಳಿಯುವುದರಿಂದಲೇ ಆ ಕಡೆಯ ದಿನಗಳು ಮುಖ್ಯ. ಮಾತ್ರೆಯ ಜೊತೆಗೆ ಸಂಜೆಯಾದೊಡನೆ ತುಂಬುತೋಳಿನ ಅಂಗಿ, ಸೊಳ್ಳೆ ಓಡಿಸುವ ಲೇಪನ, ಔಷಧದಲ್ಲಿ ಅದ್ದಿದ ಸೊಳ್ಳೆಪರದೆ ಇರಬೇಕು.

ಔಷಧದ ಚೀಲವನ್ನು ಹೀಗೆ ಕಟ್ಟಿರಿ. ನಿತ್ಯದ ಮಾತ್ರೆಗಳು ಇರುವ ದಿನಗಳಿಗಿಂತ ಎರಡು ವಾರ ಹೆಚ್ಚಿಗೆ, ಅಂಗಡಿಯ ಹಾಳೆಯಿಂದ ಬಿಡಿಸದೆ, ಅರ್ಧ ಒಬ್ಬರ ಕೈಚೀಲದಲ್ಲಿ ಅರ್ಧ ಇನ್ನೊಬ್ಬರದರಲ್ಲಿ. ಇನ್ಸುಲಿನ್ ಇದ್ದರೆ ಅದು ಕೈಚೀಲದಲ್ಲಿಯೇ. ವಿಮಾನದ ಹೊಟ್ಟೆಯ ಶೈತ್ಯದಲ್ಲಿ ಹೆಪ್ಪುಗಟ್ಟಿ ಕೆಟ್ಟೀತು. ವೈದ್ಯರಿಂದ ಔಷಧಗಳ ಮೂಲನಾಮಗಳನ್ನು ಬರೆಸಿದ ಪತ್ರವೊಂದು ಬೇಕು. ವ್ಯಾಪಾರದ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಪಾದರಸದ ಜ್ವರಮಾಪಕವು ಬೇಡ. ಅತಿಸಾರಕ್ಕೆ ಲವಣ-ಗ್ಲೂಕೋಸಿನ ಪೊಟ್ಟಣಗಳು ಹತ್ತು ಇರಲಿ. 1971ರ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಈ ನೀರನ್ನು ಪೀಪಾಯಿಗಳಲ್ಲಿ ಕದಡಿಸಿ ಕುಡಿಸಿಯೇ ಕಾಲರಾದಿಂದ ಸಾವಿರಾರು ಜನರನ್ನು ಬದುಕಿಸಿದರು. ಅದಕ್ಕೆ ಸಮನಾದ ಅಗ್ಗದ ಔಷಧವು ಇನ್ನೊಂದಿಲ್ಲ. ಪೊಟ್ಟಣವಿಲ್ಲದಾಗ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎಲ್ಲವೂ ತಲೆತಟ್ಟಿ, ಉಪ್ಪು ಹೆಚ್ಚಬಾರದು. ಮಧುಮೇಹಿಗಳೂ ಅತಿಸಾರದಲ್ಲಿ ಇದನ್ನು ಕುಡಿಯಬಹುದು, ಸಕ್ಕರೆಯನ್ನು ಅಳೆದು ನೋಡುತ್ತಿರಬೇಕು.

ಉಗಾಂಡದ ಜಿಂಜಾ ಎಂಬಲ್ಲಿ ನೈಲ್ ನದಿಯು ವಿಕ್ಟೋರಿಯಾ ಸರೋವರದಿಂದ ಹೊರಡುತ್ತದೆ. 1948ರಲ್ಲಿ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು ಅಲ್ಲಿ ವಿಸರ್ಜಿಸಿದರು. ಈಗ ಅಲ್ಲಿ ಅವರ ಪ್ರತಿಮೆಯಿದೆ, ನಮ್ಮವರು ತಪ್ಪದೆ ಹೋಗುತ್ತಾರೆ. ನದಿಯನ್ನು ಕಂಡರೆ ಮೂರು ಮುಳುಗು ಹಾಕಬೇಕೆಂಬುದು ನಮ್ಮ ರಕ್ತಗತವಾದ ಆಸೆ. ದಯವಿಟ್ಟು ಬೇಡ. ಆ ಸರೋವರದ ಬಸವನಹುಳುಗಳಿಂದ ಹೊರಬೀಳುವ ಸೂಕ್ಷ್ಮಕ್ರಿಮಿಯು ನೀರಿನಲ್ಲಿ ನಿಂತವನ ಚರ್ಮವನ್ನೇ ಕೊರೆದು ಒಳಹೊಕ್ಕು, ತಿಂಗಳುಗಳ ಮೇಲೆ ಕರುಳು ಯಕೃತ್ತುಗಳನ್ನು ಕೆಡಿಸುತ್ತದೆ. ಕೈಜೋಡಿಸಿ ದಡದಲ್ಲಿಯೇ ನಿಲ್ಲುವುದು ಕ್ಷೇಮ. ನಾಯಿಯೋ ಕೋತಿಯೋ ಕಚ್ಚಿದರೆ ಹದಿನೈದು ನಿಮಿಷ ಸೋಪುನೀರಿನಿಂದ ತೊಳೆದು ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಕಾಡಿನ ವಸತಿಗೃಹಗಳಲ್ಲಿ ಕೋತಿಗೆ ಬಾಳೆಹಣ್ಣನ್ನು ನೀಡುವ ಧರ್ಮಬುದ್ಧಿಯನ್ನು ಬಿಡತಕ್ಕದ್ದು. ಪ್ರಯಾಣದ ವಿಮೆಯನ್ನು ಮಾಡಿಸುವಾಗ ಮಧುಮೇಹವನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಬೇಕಾದ ಹೊತ್ತಿಗೆ ಹಣವು ಬಾರದು.

ಕಡೆಯದಾಗಿ, ಹಿಂದಿರುಗಿದ ಮೇಲಿನ ಮಾತು. ಕೆಲವು ವರ್ಷಗಳ ಕೆಳಗೆ ನನ್ನ ಹಳೆಯ ಶಿಷ್ಯನೊಬ್ಬನು ಕಾರ್ಯನಿಮಿತ್ತ ಮೊಂಬಾಸಾಕ್ಕೆ ಹೋಗಿ ಬಂದನು. ಬಂದ ಹನ್ನೊಂದನೆಯ ದಿನ ಜ್ವರ, ತಲೆನೋವು. ಮಳೆಗಾಲದ ಜ್ವರವೆಂದು ನೆರೆಯ ಔಷಧದಂಗಡಿಯ ಮಾತ್ರೆಯನ್ನು ನುಂಗಿ ಮೂರು ದಿನ ಮಲಗಿದನು. ನಾಲ್ಕನೆಯ ದಿನ ಮಾತು ತೊದಲಿತು, ಮೂತ್ರವು ಕಪ್ಪಾಯಿತು. ಆಸ್ಪತ್ರೆಯಲ್ಲಿ ಡೆಂಗೀಯೆಂದೇ ಹುಡುಕುತ್ತಿದ್ದರು. ಯಾರೂ ಪ್ರಯಾಣದ ಮಾತನ್ನು ಕೇಳಲಿಲ್ಲ, ಮನೆಯವರಿಗೆ ಹೇಳಬೇಕೆಂದು ತೋರಲಿಲ್ಲ. ಸಂಜೆ ಅವನ ತಾಯಿಯು, “ಪರದೇಶದ ನೀರು ಒಗ್ಗಲಿಲ್ಲ” ಎಂದು ಕಣ್ಣೀರಿಟ್ಟುಕೊಂಡಾಗ ಅಲ್ಲಿದ್ದ ಕಿರಿಯ ವೈದ್ಯೆಯೊಬ್ಬಳು, “ಅಮ್ಮಾ, ಯಾವ ದೇಶ?” ಎಂದು ಕೇಳಿದಳು. ಗಾಜಿನ ಮೇಲೆ ರಕ್ತದ ಹನಿಯನ್ನು ಸವರಿ ನೋಡಿದರೆ ಫಾಲ್ಸಿಪೇರಂ. ಆರ್ಟೆಸುನೇಟ್ ಎಂಬ ಚುಚ್ಚುಮದ್ದು ಅವನನ್ನು ಉಳಿಸಿತು. ಚೀನದ ತು ಯುಯು ಎಂಬ ಮಹಿಳೆಯು ಪುರಾತನ ವೈದ್ಯಗ್ರಂಥವೊಂದರ ಸುಳಿವನ್ನು ಹಿಡಿದು ಒಂದು ಗಿಡದಿಂದ ತೆಗೆದ ಮೂಲದ್ರವ್ಯದಿಂದ ಆದುದು ಆ ಔಷಧ. ಆಕೆಗೆ 2015ರಲ್ಲಿ ನೊಬೆಲ್ ಬಹುಮಾನವು ಬಂದಿತು. ಶಿಷ್ಯನು ಮೂತ್ರಪಿಂಡಗಳು ಸುಧಾರಿಸಿ ಮನೆಗೆ ಬರಲು ಐದು ವಾರ ಹಿಡಿಯಿತು.

ಆದುದರಿಂದ, ಊರಿಗೆ ಬಂದಿಳಿದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿರಿ. ಅಲ್ಲಿಗೆ ಕಾಲಿಟ್ಟ ಏಳನೆಯ ದಿನದಿಂದ ಮೊದಲ್ಗೊಂಡು, ಊರಿಗೆ ಬಂದ ಮೇಲೆ ಮೂರು ತಿಂಗಳು ವಿಶೇಷವಾಗಿ, ಒಂದು ವರ್ಷದವರೆಗೂ ಯಥೋಚಿತವಾಗಿ, ಯಾವ ಜ್ವರ ಬಂದರೂ ವೈದ್ಯರ ಮುಂದೆ ಕುಳಿತೊಡನೆ ಆಡಬೇಕಾದ ಮೊದಲ ಮಾತು ಇದು: “ನಾನು ಇಂಥ ತಾರೀಖಿನವರೆಗೆ ಆಫ್ರಿಕಾದಲ್ಲಿದ್ದೆ; ಈ ದಿನವೇ ಮಲೇರಿಯಾಕ್ಕೆ ರಕ್ತವನ್ನು ಪರೀಕ್ಷಿಸಿರಿ.” ಒಂದು ಸಲ ಇಲ್ಲವೆಂದು ಬಂದರೂ ಜ್ವರವು ಬಿಡದಿದ್ದರೆ ಮರುದಿನ ಮತ್ತೊಮ್ಮೆ, ಅದರ ಮರುದಿನ ಇನ್ನೊಮ್ಮೆ ಮಾಡಿಸತಕ್ಕದ್ದು.